ಹಳೆಯ ಪಿಯಾನೋದ ಹಿತ್ತಾಳೆ ಬಿಚ್ಚುವಾಗ

ಹಾರ್ಡ್‌ವೇರ್ ಅಂಗಡಿಗೆ ಹೋಗಿ ‘ಪಿಯಾನೋ ಹಿಂಜ್ ಇದೆಯಾ’ ಎಂದು ಕೇಳಿದರೆ ಉದ್ದನೆಯ ಪಟ್ಟಿಯೊಂದನ್ನು ತೆಗೆದು ‘ಎಷ್ಟಕ್ಕೆ ಕತ್ತರಿಸಲಿ’ ಅನ್ನುತ್ತಾರೆ. ಬೀರುವಿಗೂ ಅದೇ, ದಿವಾನಿನ ಮುಚ್ಚಳಕ್ಕೂ ಅದೇ. ಆ ಹೆಸರು ಯಾವುದರಿಂದ ಬಂತೋ ಆ ಪಿಯಾನೋದ ಮೇಲೆಯೇ ತಲೆಮಾರುಗಟ್ಟಲೆ ಕೂತ ಹಿಂಜನ್ನು, ಸುತ್ತಲಿನ ಪಾಲಿಷ್ ಒಂದು ಚೂರೂ ಏಳದಂತೆ ಬಿಚ್ಚುವುದು ಮಾತ್ರ ಬೇರೆಯೇ ಕೆಲಸ.

ನಮ್ಮ ಕೈಗೆ ಬಂದದ್ದು ಮಂಗಳೂರಿನ ಕಡೆ ಕಡಲಿಗೆ ಹತ್ತಿರದ ಮನೆಯೊಂದರಲ್ಲಿದ್ದ ಇಂಗ್ಲೆಂಡಿನ ಅಪ್‌ರೈಟ್ ಪಿಯಾನೋ, ಅಂದರೆ ಬೀರುವಿನಂತೆ ನೆಟ್ಟಗೆ ನಿಲ್ಲುವಂಥದು. ಮಹಾಗನಿ ವೆನೀರು, ಅಂದರೆ ಮೇಲೆ ಅಂಟಿಸಿದ ತೆಳು ಮರದ ಹಾಳೆ; ಅದರ ಮೇಲೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚಿದ ಫ್ರೆಂಚ್ ಪಾಲಿಷ್. ಮುಂದಿನ ಹಲಗೆಯ ಎರಡು ಬದಿಗೆ ಮೇಣದಬತ್ತಿ ಹಿಡಿಯುವ ಹಿತ್ತಾಳೆಯ ಕೈಗಳು. ಬಿಚ್ಚಬೇಕಾದದ್ದು: ಮೇಲ್ಮುಚ್ಚಳದ ಉದ್ದ ಹಿಂಜ್ ಮತ್ತು ಅದರ 44 ತಿರುಪುಗಳು, ಎರಡು ದೀಪದ ಕೈಗಳು, ಕೀಲಿಮಣೆ ಮುಚ್ಚಳದ ಬೀಗ, ಬೀಗದ ಕಣ್ಣಿನ ಸುತ್ತಲಿನ ತಗಡು, ಎರಡು ಗುಂಡಿ ಹಿಡಿಗಳು, ಎರಡು ಪೆಡಲ್, ಅಡಿಯ ನಾಲ್ಕು ಗಾಲಿ.

ಬಿಚ್ಚುವುದಾದರೂ ಯಾಕೆ, ಇದ್ದಲ್ಲೇ ಉಜ್ಜಿದರಾಗದೇ ಎಂದು ಕೇಳುವವರಿದ್ದಾರೆ. ಇದ್ದಲ್ಲೇ ಉಜ್ಜಿದ್ದೇ ಈ ಪಿಯಾನೋದ ಮೊದಲ ರೋಗ. ಅಮೋನಿಯಾ ಇರುವ ಹಿತ್ತಾಳೆ ಪಾಲಿಷ್ ಅರಗನ್ನು ತಿನ್ನುತ್ತದೆ. ಹಿಂಜಿನ ಎರಡೂ ಅಂಚಿನಲ್ಲಿ 3-4 ಮಿ.ಮೀ. ಅಗಲಕ್ಕೆ ಮೆರುಗು ಸತ್ತು, ಅಲ್ಲಿ ಬಿಳಿ ಪುಡಿ ಗಟ್ಟಿಯಾಗಿ ಕೂತಿತ್ತು. ಅದೇ ಪುಡಿ ತಿರುಪಿನ ತಲೆಯ ಸೀಳಿನೊಳಗೂ ತುಂಬಿತ್ತು. ಹಾಗಂತ ಎಲ್ಲವನ್ನೂ ಬಿಚ್ಚಲೇಬೇಕೆಂದೇನಿಲ್ಲ. ಮುಚ್ಚಳ ಸರಿಯಾಗಿ ತೆರೆದು ಮುಚ್ಚುತ್ತಿದ್ದರೆ, ಕಿಲುಬು ಮರಕ್ಕೆ ಇಳಿಯದಿದ್ದರೆ, ಹಿಂಜನ್ನು ಅದರ ಪಾಡಿಗೆ ಬಿಡುವುದೇ ಜಾಣತನ. ಇಲ್ಲಿ ಹಿಂಜಿನ ಗೆಣ್ಣುಗಳು, ಅಂದರೆ ಮಡಚುವ ಕಡೆಯ ಸಣ್ಣ ಕೊಳವೆಗಳು, ಬಿಗಿದುಕೊಂಡು, ಮುಚ್ಚಳ ತೆರೆದಾಗಲೆಲ್ಲ ತಿರುಪುಗಳನ್ನೇ ಮೇಲಕ್ಕೆ ಎಳೆಯುತ್ತಿದ್ದವು. ಬೇರೆ ದಾರಿ ಇರಲಿಲ್ಲ.

ಮೊದಲು ಮುಟ್ಟಬಾರದ್ದನ್ನು ಹೇಳಿಬಿಡಬೇಕು. ಪಿಯಾನೋದ ಒಳಗೆ ಎರಕದ ಕಬ್ಬಿಣದ ದೊಡ್ಡ ಚೌಕಟ್ಟಿದೆ, ಅದನ್ನು ಮರಕ್ಕೆ ಬಿಗಿದ ದಪ್ಪ ತಿರುಪು ಬೋಲ್ಟುಗಳಿವೆ. ಇನ್ನೂರಕ್ಕೂ ಮೇಲ್ಪಟ್ಟ ತಂತಿಗಳು ಸೇರಿ ಎಳೆಯುವ ಬಲ ಸಾಮಾನ್ಯವಾಗಿ 15 ಟನ್ನಿಗೂ ಹೆಚ್ಚು. ಅದನ್ನು ಹೊತ್ತಿರುವುದು ಆ ಚೌಕಟ್ಟು. ಅದರ ಒಂದು ತಿರುಪನ್ನೂ ಸಡಿಲಿಸಬಾರದು. ತಂತಿ ಸುತ್ತಿದ ಟ್ಯೂನಿಂಗ್ ಪಿನ್‌ಗಳಿಗೂ ಇದೇ ಮಾತು. ಹೊರಗಿನ ಪೆಟ್ಟಿಗೆಯ ಹಿತ್ತಾಳೆ ಒಂದು, ಒಳಗಿನ ಕಬ್ಬಿಣ ಇನ್ನೊಂದು. ಇವೆರಡರ ಗಡಿ ತಿಳಿಯದವರು ಮುಂದಿನ ಹಲಗೆ ತೆಗೆಯಲೂಬಾರದು.

ಪಾಲಿಷ್ ಯಾವುದೆಂದು ತಿಳಿಯದೆ ಸ್ಕ್ರೂಡ್ರೈವರ್ ಎತ್ತುವಂತಿಲ್ಲ. ಮೇಲ್ಮುಚ್ಚಳದ ಹಿಂಬದಿಯ ಕೆಳ ಅಂಚಿನಂಥ, ಕಣ್ಣಿಗೆ ಬೀಳದ ಜಾಗ ಹುಡುಕಿ. ಹತ್ತಿ ಸುತ್ತಿದ ಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ, ಹಿಂಡಿ, ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಅಂಟಂಟಾಗಿ ಕಂದು ಬಣ್ಣ ಬಿಟ್ಟರೆ ಅರಗು. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಮೆತ್ತಗಾದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್. ಎರಡಕ್ಕೂ ಏನೂ ಆಗದೆ ಗಾಜಿನಂತೆ ನಿಂತರೆ ಬಹುಮಟ್ಟಿಗೆ ಪಾಲಿಯೆಸ್ಟರ್, ಅಂದರೆ ಈಚಿನ ದಶಕಗಳ ಹೊಳೆಯುವ ಕಪ್ಪು ಪಿಯಾನೋಗಳ ಲೇಪ. ನಮ್ಮದು ಹತ್ತಿಯ ಮೇಲೆ ಚಹಾದ ಬಣ್ಣ ಬಿಟ್ಟಿತು. ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಿಡಿಸುವುದೂ ಇದೇ ಅರಗು; ತಿರುಗುವ ಮರದ ಮೇಲೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಹರಡುತ್ತದೆ. ಬೊಂಬೆಗೆ ಅದು ವರ, ನಮಗೆ ಎಚ್ಚರಿಕೆ. ಅರಗು 70 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಸ್ಪಿರಿಟ್‌ನಲ್ಲಿ ಕರಗುತ್ತದೆ, ನೀರು ನಿಂತರೆ ಬೆಳ್ಳಗಾಗುತ್ತದೆ. ಮುಂದಿನ ಕೆಲಸವೆಲ್ಲ ಈ ಮೂರು ಬೇಲಿಯೊಳಗೇ ನಡೆಯಬೇಕು.

ತಿರುಪು ಬರುತ್ತಿಲ್ಲ ಎಂದ ಕೂಡಲೇ ಬಲ ಹಾಕುವುದು ಎಲ್ಲರ ಕೈಯ ಅಭ್ಯಾಸ. ಬರದಿರುವುದಕ್ಕೆ ಕಾರಣಗಳು ಬೇರೆ ಬೇರೆ, ಒಂದರ ಮದ್ದು ಇನ್ನೊಂದಕ್ಕೆ ವಿಷ. ಮೇಣ, ಪಾಲಿಷ್ ಪುಡಿ, ಅರಗು ಸೇರಿ ಸೀಳು ಮುಚ್ಚಿದ್ದರೆ ಡ್ರೈವರಿಗೆ ಹಿಡಿತವೇ ಸಿಗುವುದಿಲ್ಲ. ಉಕ್ಕಿನ ತಿರುಪಾಗಿದ್ದರೆ ತುಕ್ಕು ಹಿಡಿದಿರುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುವುದರಿಂದ, ಒಳಗೇ ಉಬ್ಬಿ ಮರದ ನಾರಿಗೆ ಕಚ್ಚಿಕೊಂಡಿರುತ್ತದೆ. ಹಿತ್ತಾಳೆಯ ತಿರುಪಾಗಿದ್ದರೆ ತೊಂದರೆ ತಿರುಗಾಮುರುಗಾ: ಅದು ಅಷ್ಟೇನೂ ಬಿಗಿದಿರುವುದಿಲ್ಲ, ಆದರೆ ಉಪ್ಪುಗಾಳಿಗೆ ಒಳಗಿನ ಸತು ಕರಗಿ ತಾಮ್ರದ ಕೆಂಪಷ್ಟೇ ಉಳಿದಿರುತ್ತದೆ. ನೋಡಲು ತಿರುಪು, ಒಳಗೆ ಬಿಸ್ಕತ್ತು. ಕೊನೆಯದು ಮಳೆಗಾಲ. ತೇವ ಕುಡಿದ ಮರ ಉಬ್ಬಿ ತಿರುಪನ್ನು ಅಪ್ಪಿ ಹಿಡಿಯುತ್ತದೆ. ಆಗಸ್ಟ್‌ನಲ್ಲಿ ಒಮ್ಮೆ ನೋಡಿ ಕೈಬಿಟ್ಟಿದ್ದ ಆರು ತಿರುಪುಗಳಲ್ಲಿ ನಾಲ್ಕು ಜನವರಿಯಲ್ಲಿ ಬರೀ ಡ್ರೈವರಿಗೇ ಬಂದವು. ಕರಾವಳಿಯವರು ಈ ಕೆಲಸಕ್ಕೆ ಜನವರಿ, ಫೆಬ್ರವರಿ ಇಟ್ಟುಕೊಳ್ಳುವುದು ಒಳ್ಳೆಯದು. ಕಾಯುವುದಕ್ಕೆ ದುಡ್ಡು ಬೀಳುವುದಿಲ್ಲ.

ಉಕ್ಕೋ ಹಿತ್ತಾಳೆಯೋ ಎಂದು ತಿಳಿಯಲು ಒಂದು ಸಣ್ಣ ಅಯಸ್ಕಾಂತ ಸಾಕು. ಹಿತ್ತಾಳೆಗೆ ಅಂಟುವುದಿಲ್ಲ, ಹಿತ್ತಾಳೆ ಬಣ್ಣದ ಲೇಪವಿರುವ ಉಕ್ಕಿಗೆ ಅಂಟುತ್ತದೆ. ನಮ್ಮ 44ರಲ್ಲಿ 35 ಹಿತ್ತಾಳೆ, 9 ಉಕ್ಕು. ಉಕ್ಕಿನವೆಲ್ಲ ಯಾವಾಗಲೋ ರಿಪೇರಿಗೆ ಬಂದವರು ಹಾಕಿದವು. ಎಲ್ಲಕ್ಕೂ ಒಂದೇ ಅಡ್ಡ ಸೀಳು. ನಕ್ಷತ್ರದ ಸೀಳಿನ ಫಿಲಿಪ್ಸ್ ತಿರುಪು ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಅದಕ್ಕಿಂತ ಹಳೆಯ ಪಿಯಾನೋದಲ್ಲಿ ಅಂಥದು ಕಂಡರೆ ಅಲ್ಲಿ ಆಮೇಲೆ ಯಾರೋ ಕೈ ಹಾಕಿದ್ದಾರೆ ಎಂದರ್ಥ. ಅಂಥ ರಂಧ್ರ ಹಿಗ್ಗಿರುವುದು, ಒಳಗೆ ಬೆಂಕಿಕಡ್ಡಿ ತುರುಕಿರುವುದು ಸಾಮಾನ್ಯ.

ಇನ್ನು ಕೆಲಸ. ಬಿಡಿಸಿ ತರಬಹುದಾದ್ದನ್ನೆಲ್ಲ ಮೇಜಿನ ಮೇಲೆ ತಂದೆವು. ಮುಂದಿನ ಮೇಲ್ಹಲಗೆ ಒಳಗಿನ ಎರಡು ಮರದ ತಿರುಗುಗುಂಡಿ ತಿರುಗಿಸಿದರೆ ಕೈಗೆ ಬರುತ್ತದೆ. ಕೆಳಹಲಗೆಯನ್ನು ಹಿಡಿದಿರುವುದು ಒಂದು ಸ್ಪ್ರಿಂಗ್ ಪಟ್ಟಿ, ಅದನ್ನು ಮೇಲಕ್ಕೆ ಒತ್ತಿದರೆ ಸಾಕು. ಮೇಜಿನ ಮೇಲೆ ಕಂಬಳಿ ಹಾಸಿ, ಹಲಗೆಯನ್ನು ಮಲಗಿಸಿ ಮಾಡಿದರೆ ಡ್ರೈವರಿನ ಮೇಲೆ ನೇರ ಭಾರ ಬೀಳುತ್ತದೆ. ನಿಂತ ಹಲಗೆಗೆ ಅಡ್ಡಲಾಗಿ ಒತ್ತುತ್ತಾ ತಿರುಗಿಸಿದರೆ ಜಾರುವುದು ಖಂಡಿತ, ಜಾರಿದ ಗೀರು ಅಂಗೈಯಷ್ಟು ಉದ್ದ. ಮೇಲ್ಮುಚ್ಚಳದ ಹಿಂಭಾಗ ಪೆಟ್ಟಿಗೆಗೇ ಅಂಟಿದ್ದರಿಂದ ಹಿಂಜಿನ ಕೆಲಸ ಮಾತ್ರ ಇದ್ದಲ್ಲೇ ಆಯಿತು.

ಎಲ್ಲಕ್ಕಿಂತ ಮುಖ್ಯವಾದ, ಎಲ್ಲರೂ ಬಿಟ್ಟುಬಿಡುವ ಹೆಜ್ಜೆ ಇದು: ತಿರುಪಿಗೆ ಕೈ ಹಾಕುವ ಮೊದಲು ಲೋಹಕ್ಕೂ ಪಾಲಿಷಿಗೂ ಇರುವ ನಂಟನ್ನು ಕತ್ತರಿಸಬೇಕು. ಹಳೆಯ ಪಿಯಾನೋಗಳಿಗೆ ಒಂದೆರಡು ಸಲವಾದರೂ ಮರುಪಾಲಿಷ್ ಆಗಿರುತ್ತದೆ. ಆಗ ಹಿತ್ತಾಳೆ ಬಿಚ್ಚುವ ತಾಳ್ಮೆ ಯಾರಿಗೂ ಇರುವುದಿಲ್ಲ, ಅರಗು ಮರದಿಂದ ಹಿಂಜಿನ ಅಂಚಿನ ಮೇಲಕ್ಕೂ ಹರಿದು ಸೇತುವೆ ಕಟ್ಟಿರುತ್ತದೆ. ತಿರುಪು ಸರಾಗವಾಗಿ ಬಂದರೂ ಹಿಂಜ್ ಎತ್ತುವಾಗ ಆ ಸೇತುವೆ ಪಕ್ಕದ ಮೆರುಗನ್ನೂ, ಕೆಲವೊಮ್ಮೆ ವೆನೀರನ್ನೂ, ಹಪ್ಪಳದಂತೆ ಕಿತ್ತುಕೊಂಡು ಏಳುತ್ತದೆ. ಪಿಯಾನೋದ ಪಾಲಿಷ್ ಹಾಳಾಗುವುದು ತಿರುಪು ತಿರುಗಿಸುವಾಗಲ್ಲ, ಹೆಚ್ಚಾಗಿ ಹೀಗೆ ಎತ್ತುವಾಗ.

ಕತ್ತರಿಸಲು ಸರ್ಜಿಕಲ್ ಅಂಗಡಿಯಲ್ಲಿ ಸಿಗುವ 3ನೇ ನಂಬರಿನ ಹಿಡಿ, 11ನೇ ನಂಬರಿನ ಮೊನೆ ಬ್ಲೇಡು. ಬ್ಲೇಡಿನ ಮೊನೆ ಲೋಹದ ಅಂಚಿಗೆ ತಾಗಿ ಓಡಬೇಕು, ಮರದ ಕಡೆ ವಾಲಬಾರದು. ಒಂದೇ ಸಲಕ್ಕೆ ಆಳಕ್ಕೆ ಒತ್ತದೆ, ಹಗುರವಾಗಿ ಮೂರು ನಾಲ್ಕು ಸಲ ಎಳೆಯಬೇಕು. ಮೊದಲ ಸಲ ಕರಕರ ಸದ್ದು ಬರುತ್ತದೆ. ಸದ್ದು ನಿಂತು ಬ್ಲೇಡು ಲೋಹವನ್ನೇ ಸವರಿದಂತೆ ಅನಿಸಿದಾಗ ಅಲ್ಲಿಗೆ ಮುಗಿಯಿತು. ಸುಮಾರು ಮುಕ್ಕಾಲು ಅಡಿಗೊಮ್ಮೆ ಹೊಸ ಬ್ಲೇಡು. ಮೊಂಡಾದ ಬ್ಲೇಡು ಅರಗನ್ನು ಕತ್ತರಿಸುವುದಿಲ್ಲ, ಚಕ್ಕೆ ಏಳಿಸುತ್ತದೆ. ಹಿಂಜಿನ ನಾಲ್ಕು ಅಂಚಿಗೆ ಒಂದೂವರೆ ಗಂಟೆ ಹಿಡಿಯಿತು.

ಆಮೇಲೆ ಸೀಳು ಕೆರೆಯುವುದು. ದಪ್ಪ ಹೊಲಿಗೆ ಸೂಜಿಯನ್ನು ಮರದ ಹಿಡಿಗೆ ಕೂರಿಸಿ ಪುಡಿ ಎಬ್ಬಿಸಿದೆವು. ಮೇಣ ಇದ್ದಲ್ಲಿ ಹಲ್ಲುಕಡ್ಡಿಯ ತುದಿಗೆ ಒಂದು ಹನಿ ಮಿನರಲ್ ಟರ್ಪೆಂಟೈನ್. ಅದು ಅರಗಿಗೆ ತೊಂದರೆ ಕೊಡುವುದಿಲ್ಲ. ಇಲ್ಲಿ ಸ್ಪಿರಿಟ್ ಬೇಡವೇ ಬೇಡ. ಸೀಳಿನ ತಳದಲ್ಲಿ ಹಳದಿ ಲೋಹ ಮಿಂಚುವವರೆಗೂ ಡ್ರೈವರ್ ಹತ್ತಿರ ತರುವಂತಿಲ್ಲ.

ಡ್ರೈವರ್ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಅಂಗಡಿಯ ಮಾಮೂಲಿ ಡ್ರೈವರಿನ ತುದಿ ಬೆಣೆಯಂತೆ ಇಳಿಜಾರಾಗಿರುತ್ತದೆ. ಅದು ಸೀಳಿನ ಬಾಯಿಯನ್ನಷ್ಟೇ ಹಿಡಿಯುತ್ತದೆ, ಬಲ ಬಿದ್ದ ಕೂಡಲೇ ಮೇಲಕ್ಕೆ ಏರಿ ಹೊರಬರುತ್ತದೆ. ಬೇಕಾದ್ದು ಎರಡೂ ಮುಖ ಸಮಾನಾಂತರವಾಗಿ, ಸೀಳಿನ ತಳ ಮುಟ್ಟುವ ತುದಿ. ಬಂದೂಕಿನ ಕೆಲಸದವರು ಇಟ್ಟುಕೊಳ್ಳುವಂಥದು. ಕೊಳ್ಳಲು ಸಿಗದಿದ್ದರೆ ಒಳ್ಳೆಯ ಉಕ್ಕಿನ ಡ್ರೈವರನ್ನು ಎಣ್ಣೆಕಲ್ಲಿನ ಮೇಲೆ ತಿಕ್ಕಿ ಮಾಡಿಕೊಳ್ಳಬಹುದು. ಗ್ರೈಂಡರಿಗೆ ಕೊಟ್ಟರೆ ಬಿಸಿಯಾಗಿ ಹದ ಹೋಗುತ್ತದೆ. ನಾವು ಮೂರು ಮಾಡಿಕೊಂಡೆವು: ಹಿಂಜಿನ 4ನೇ ನಂಬರ್ ತಿರುಪಿಗೆ 5 ಮಿ.ಮೀ. ಅಗಲ, 0.8 ದಪ್ಪ, ಬೀಗದ 6ನೇ ನಂಬರಿಗೆ 6.5 ಅಗಲ, 1 ದಪ್ಪ. 8ನೇ ನಂಬರಿಗೆ 7.5 ಅಗಲ, 1.2 ದಪ್ಪ. ಹಳೆಯ ತಿರುಪುಗಳಲ್ಲಿ ಒಂದರ ಸೀಳು ಇನ್ನೊಂದರಂತೆ ಇರುವುದಿಲ್ಲ, ನಿಮ್ಮದನ್ನು ನೀವೇ ಅಳೆಯಬೇಕು. ಸೀಳಿನಲ್ಲಿ ನಿಲ್ಲಿಸಿ ಕೈ ಬಿಟ್ಟರೆ ಡ್ರೈವರ್ ತಾನೇ ನಿಲ್ಲಬೇಕು, ಅದೇ ಅಳತೆ. ಅಗಲ ಮಾತ್ರ ತಲೆಯಿಂದ ಹೊರಗೆ ಚಾಚಬಾರದು, ಚಾಚಿದರೆ ಹಿಂಜನ್ನು ವೃತ್ತಾಕಾರವಾಗಿ ಕೊರೆಯುತ್ತದೆ.

ಸುತ್ತಲಿನ ರಕ್ಷಣೆಗೆ ಹಳೆಯ ಎಕ್ಸ್‌ರೇ ಫಿಲ್ಮಿನಷ್ಟು ಒಳ್ಳೆಯದು ಬೇರಿಲ್ಲ. ಪೋಸ್ಟ್‌ಕಾರ್ಡಿನಷ್ಟು ಕತ್ತರಿಸಿ, ನಡುವೆ ತಿರುಪಿನ ತಲೆಯಷ್ಟು ತೂತು ಮಾಡಿ ಹಾಸಿದರೆ ಡ್ರೈವರ್ ಜಾರಿದರೂ ಫಿಲ್ಮಿನ ಮೇಲೆ ಜಾರುತ್ತದೆ. ಮಾಸ್ಕಿಂಗ್ ಟೇಪ್ ಅಂಟಿಸುವುದು ಸುಲಭವೆನಿಸುತ್ತದೆ. ನಮ್ಮ ಸೆಕೆಗೆ ಅದರ ಅಂಟು ಅರ್ಧ ದಿನದಲ್ಲೇ ಅರಗಿಗೆ ಹತ್ತಿಕೊಂಡು, ಕೀಳುವಾಗ ಸಡಿಲಗೊಂಡ ಪಾಲಿಷನ್ನೂ ಜೊತೆಗೆ ಕರೆದೊಯ್ಯುತ್ತದೆ. ಅಂಟಿಸಲೇಬೇಕಾದರೆ ಕಡಿಮೆ ಅಂಟಿನ ಟೇಪು, ಮೊದಲು ಬಟ್ಟೆಗೆ ಒಂದೆರಡು ಸಲ ಒತ್ತಿ ತೆಗೆದು, ಕೆಲಸ ಮುಗಿದ ಕೂಡಲೇ ತನ್ನ ಮೇಲೇ ಮಡಚಿದಂತೆ ಮೆಲ್ಲಗೆ ಎಳೆಯುವುದು.

ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ಒತ್ತಿ, ಆಮೇಲೆ ಬಿಚ್ಚುವ ದಿಕ್ಕಿಗೆ. ಬಲ ಮುಕ್ಕಾಲು ಪಾಲು ಕೆಳಕ್ಕೆ, ಕಾಲು ಪಾಲು ತಿರುಗಿಸಲು. ‘ಟಿಕ್’ ಎಂದು ಒಣ ಸದ್ದು ಬಂದರೆ ಹಿಡಿತ ಬಿಟ್ಟಿತು. ಸದ್ದಿಲ್ಲದೆ ರಬ್ಬರಿನಂತೆ ಬಾಗಿದ ಅನುಭವವಾದರೆ ಅಲ್ಲೇ ನಿಲ್ಲಿಸಬೇಕು, ಹಿತ್ತಾಳೆ ಒಳಗೇ ತಿರುಚುತ್ತಿದೆ. ಬಿಟ್ಟ ಮೇಲೂ ಒಂದೇ ಸಮನೆ ತಿರುಗಿಸದೆ, ಅರ್ಧ ಸುತ್ತು ಹೊರಕ್ಕೆ, ಕಾಲು ಸುತ್ತು ಒಳಕ್ಕೆ. ತಿರುಪಿನ ಸುರುಳಿ ಎಳೆಗಳಲ್ಲಿನ ಪುಡಿ ಹಾಗೆ ಕಳಚುತ್ತದೆ. ಹೀಗೆ 31 ಬಂದವು.

ಉಳಿದ 13ಕ್ಕೆ ಬಿಸಿ. 60 ವಾಟಿನ ಸೋಲ್ಡರಿಂಗ್ ಐರನ್, ಉಳಿಯಂಥ ಚಪ್ಪಟೆ ತುದಿ, ತುದಿಗೆ ತೆಳುವಾಗಿ ಬೆಸುಗೆಯ ಸೀಸ. ಬಿಸಿ ಚೆನ್ನಾಗಿ ಇಳಿಯಲು ಆ ಲೇಪ ಬೇಕು. ತುದಿಯನ್ನು ತಲೆಯ ನಡುವೆ ಒತ್ತಿ ಹಿಡಿದರೆ ತಿರುಪು ಹಿಗ್ಗಿ ಸುತ್ತಲಿನ ನಾರನ್ನು ಒತ್ತುತ್ತದೆ, ಆರಿದಾಗ ಕುಗ್ಗಿ ಕೂದಲೆಳೆಯ ಸಂದು ಬಿಡುತ್ತದೆ, ತುಕ್ಕಿನ ಹಿಡಿತವೂ ಬಿರಿಯುತ್ತದೆ. ಹಾಗಾಗಿ ಬಿಸಿಯಿದ್ದಾಗ ತಿರುಗಿಸಬಾರದು, ಪೂರ್ತಿ ಆರಲು ಹತ್ತು ನಿಮಿಷ ಬಿಡಬೇಕು. ಅಪಾಯ ಇರುವುದು ಹಿತ್ತಾಳೆಯ ಗುಣದಲ್ಲಿ: ಬಿಸಿಯನ್ನು ಓಡಿಸುವುದರಲ್ಲಿ ಅದು ಉಕ್ಕಿಗಿಂತ ಚುರುಕು, ತಿರುಪಿಗೆ ಕೊಟ್ಟದ್ದು ಹಿಂಜಿನ ಮೂಲಕ ಪಕ್ಕದ ಅರಗಿಗೆ ಹೋಗುತ್ತದೆ. ನಮ್ಮ ಲೆಕ್ಕ 15 ಸೆಕೆಂಡು ಬಿಸಿ, ನಂತರ ಹಿಂಜಿನ ಅಂಚಿನ ಪಾಲಿಷ್ ಮೇಲೆ ಬೆರಳು. ಬೆರಳು ಇಡಲಾಗದಷ್ಟು ಬಿಸಿಯಾದರೆ ಅರಗಿಗೂ ಅದು ಹೆಚ್ಚು. ಒಟ್ಟು 40 ಸೆಕೆಂಡು ಮೀರಿಸಬಾರದು; ಬಾರದಿದ್ದರೆ ಆರಿದ ಮೇಲೆ ಇನ್ನೊಂದು ಸುತ್ತು. ಒಂದು ತಿರುಪಿಗೆ ಈ ಶಿಸ್ತು ಬಿಟ್ಟು ಒಂದೂವರೆ ನಿಮಿಷ ಹಿಡಿದದ್ದಕ್ಕೆ ಪಕ್ಕದಲ್ಲಿ ಹೆಸರುಕಾಳಿನಷ್ಟು ಜಾಗ ಸುಕ್ಕುಗಟ್ಟಿತು. ತಿರುಪು ಬಂತು, ಅದನ್ನು ಸರಿಪಡಿಸಲು ಎರಡು ದಿನ ಹೋಯಿತು. ಐರನ್ ಹಿಡಿಯುವಾಗ ಎಕ್ಸ್‌ರೇ ಫಿಲ್ಮ್ ತೆಗೆದು ತಗಡು, ಅದರಡಿ ರಟ್ಟು ಇಡಬೇಕು. ಕೀಲಿಮಣೆಯ ಬಿಳಿ ಕೀಗಳ ಮೇಲಿನ ಹೊದಿಕೆ ಸೆಲ್ಯುಲಾಯ್ಡ್ ಆಗಿದ್ದರೆ ಅದು ಬೇಗ ಬೆಂಕಿ ಹಿಡಿಯುವ ವಸ್ತು, ಕೀಲಿಮಣೆಯ ಹತ್ತಿರ ಐರನ್ ತರಲೇಬೇಡಿ. ಬಿಸಿಗೆ 9 ಬಂದವು.

ತುಕ್ಕಿಗೆ ಸೀಮೆಎಣ್ಣೆ ಬಿಡಿ, ಸ್ಪ್ರೇ ಹೊಡೆಯಿರಿ ಎಂಬ ಸಲಹೆ ಪ್ರತಿ ಗ್ಯಾರೇಜಿನಿಂದಲೂ ಬರುತ್ತದೆ. ಗ್ಯಾರೇಜಿನಲ್ಲಿ ಅದು ಲೋಹಕ್ಕೆ ಲೋಹ ಕಚ್ಚಿದ ಕತೆ. ಇಲ್ಲಿ ಲೋಹ ಕಚ್ಚಿರುವುದು ಮರಕ್ಕೆ. ಎಣ್ಣೆ ಎಳೆಗಳಿಗೆ ಹೋಗುವ ಮೊದಲು ಮರದ ನಾರು ಕುಡಿಯುತ್ತದೆ, ವೆನೀರಿನಡಿ ಹರಡಿ ಕಪ್ಪು ಕಲೆಯಾಗಿ ಏಳುತ್ತದೆ. ಆ ಜಾಗದಲ್ಲಿ ಮುಂದೆ ಅಂಟೂ ಹಿಡಿಯುವುದಿಲ್ಲ, ಪಾಲಿಷೂ ನಿಲ್ಲುವುದಿಲ್ಲ. ಮೇಲ್ಮುಚ್ಚಳ ತೆರೆದಿರುವಾಗ ಸ್ಪ್ರೇ ಹೊಡೆದರೆ ಅದರ ತುಂತುರು ಟ್ಯೂನಿಂಗ್ ಪಿನ್ ಕೂತ ಮರದ ಮೇಲೆ ಬೀಳುತ್ತದೆ. ಪಿನ್‌ಗಳನ್ನು ಹಿಡಿದಿರುವುದು ಬರೀ ಮರದ ಬಿಗಿ. ಅಲ್ಲಿ ಎಣ್ಣೆ ಇಳಿದರೆ ಪಿಯಾನೋ ಶ್ರುತಿಯಲ್ಲಿ ನಿಲ್ಲುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಎಣ್ಣೆಗೂ ಜಾಗವಿದೆ, ಹಿಂಜ್ ಮರದಿಂದ ಬೇರೆಯಾಗಿ ಬಟ್ಟೆಯ ಮೇಲೆ ಮಲಗಿದ ಮೇಲೆ, ಗೆಣ್ಣುಗಳಿಗೆ.

ನಾಲ್ಕು ಹಿತ್ತಾಳೆ ತಿರುಪುಗಳ ತಲೆ ಮುರಿದೇ ಹೋಯಿತು. ಮುರಿಯುವುದು ಸೋಲಲ್ಲ, ಹಿಂಜಿನಡಿಯ ಮರ ಹೇಗೂ ಕಾಣುವುದಿಲ್ಲ. ಮುರಿದ ಮೇಲೆ ತಾಳ್ಮೆ ಕಳೆದುಕೊಂಡರೆ ಸೋಲು. ಹಿಂಜನ್ನು ಮೊದಲು ಎತ್ತಿ ಪಕ್ಕಕ್ಕಿಟ್ಟೆವು. ಎತ್ತುವಾಗ ಇನ್ನೊಬ್ಬರು ಮುಚ್ಚಳದ ಮುಂಭಾಗವನ್ನು ಹಿಡಿದಿರಬೇಕು, ಕೊನೆಯ ತಿರುಪು ಬಂದ ಕ್ಷಣ ಅದು ಕೀಲಿಮಣೆಯ ಮುಚ್ಚಳದ ಮೇಲೆ ಬೀಳುತ್ತದೆ. ಎರಡು ತುಂಡುಗಳು 2 ಮಿ.ಮೀ. ಹೊರಗೆ ಚಾಚಿದ್ದವು, ಲಾಕಿಂಗ್ ಇಕ್ಕಳಕ್ಕೆ ಸಿಕ್ಕಿ ತಿರುಗಿ ಬಂದವು. ಉಳಿದೆರಡು ಮರದ ಮಟ್ಟಕ್ಕೇ ಇದ್ದವು. 4ನೇ ನಂಬರಿನ ಕಾಂಡದ ದಪ್ಪ 2.8 ಮಿ.ಮೀ. ಒಳಗೆ 3.2, ಹೊರಗೆ 5 ಮಿ.ಮೀ. ಇರುವ ಉಕ್ಕಿನ ಕೊಳವೆ ತುಂಡಿನ ತುದಿಗೆ ಅರದಿಂದ ಐದು ಹಲ್ಲು ತೆಗೆದು, ಡ್ರಿಲ್ಲಿಗೆ ಹಾಕಿ ಉಲ್ಟಾ ದಿಕ್ಕಿನಲ್ಲಿ ಓಡಿಸಬೇಕು. ಹಲ್ಲುಗಳನ್ನೂ ಉಲ್ಟಾ ದಿಕ್ಕಿಗೇ ತೆಗೆದಿರಬೇಕು. ಉಲ್ಟಾ ಓಡುವಾಗ ಕೆಲವು ತುಂಡುಗಳು ಕೊಳವೆಯೊಳಗೇ ಸಿಕ್ಕಿ ಬಿಚ್ಚಿಕೊಂಡು ಬರುತ್ತವೆ, ಒಂದು ಹಾಗೆಯೇ ಬಂತು. ಬರಿಗೈಯಲ್ಲಿ ಡ್ರಿಲ್ ಹಿಡಿದರೆ ಹಲ್ಲು ಕಚ್ಚುವ ಮೊದಲು ಪಾಲಿಷ್ ಮೇಲೆ ಕುಣಿಯುತ್ತದೆ. ಮರದ ತುಂಡಿಗೆ 5 ಮಿ.ಮೀ. ತೂತು ಕೊರೆದು, ಆ ತುಂಡನ್ನು ಜಾಗಕ್ಕೆ ಬಿಗಿದು, ಅದರ ಮೂಲಕವೇ ಕೊಳವೆ ಇಳಿಸಿದೆವು. 15 ಮಿ.ಮೀ. ಆಳ ಸಾಕು. ತೂತಿಗೆ ಗಟ್ಟಿ ಮರದ ಗೂಟ, ಅಂಟು, ಒಂದು ದಿನ ಒಣಗಲು, ಆಮೇಲೆ 2 ಮಿ.ಮೀ. ದಾರಿತೂತು.

ದೀಪದ ಕೈಗಳಲ್ಲಿ ಎಲ್ಲರೂ ಮಾಡುವ ತಪ್ಪು, ಮುಂದಿನಿಂದ ತಿರುಚುವುದು. ಹೂವಿನ ಆಕಾರದ ತಟ್ಟೆ ಪಾಲಿಷ್ ಮೇಲೆ ಒಂದಿಂಚು ತಿರುಗಿದರೂ ಅಳಿಸಲಾಗದ ವೃತ್ತ ಬೀಳುತ್ತದೆ. ಹಲಗೆ ಬಿಡಿಸಿ ಹಿಂದೆ ನೋಡಿದರೆ ಅಲ್ಲಿ ಚೌಕ ನಟ್ಟು ಇತ್ತು, ತುಕ್ಕಿನ ಗಡ್ಡೆಯಂತೆ. ಕೆಲವು ಪಿಯಾನೋಗಳಲ್ಲಿ ನಟ್ಟಿನ ಬದಲು ಮುಂದಿನಿಂದಲೇ ಮೂರು ಸಣ್ಣ ತಿರುಪು ಇರುತ್ತವೆ. ಮುಂದಿನ ಕೈಯನ್ನು ಅಲುಗದಂತೆ ಒಬ್ಬರು ಹಿಡಿದು, ಹಿಂದೆ ನಟ್ಟಿಗೆ ಐರನ್ ಎರಡು ನಿಮಿಷ. ಹಿಂಬದಿ ಬರಿ ಮರವಾದ್ದರಿಂದ ಇಲ್ಲಿ ಸ್ವಲ್ಪ ಧಾರಾಳವಾಗಬಹುದು, ಆದರೂ ಬಿಸಿ ಬೋಲ್ಟಿನ ಮೂಲಕ ಮುಂದಕ್ಕೆ ಬರುತ್ತದೆ ಎಂಬುದು ನೆನಪಿರಲಿ. ಎಡಗಡೆಯದು ಬಂತು. ಬಲಗಡೆಯ ನಟ್ಟನ್ನು ಸಣ್ಣ ಅರದಿಂದ ಒಂದು ಮುಖ ಸವೆಸಿ ಸೀಳಿದೆವು, ಬೋಲ್ಟಿನ ಎಳೆಗೆ ಏನೂ ಆಗಲಿಲ್ಲ. ನಟ್ಟು ಹೋದ ಮೇಲೂ ತಟ್ಟೆ ಅರಗಿಗೆ ಅಂಟಿಯೇ ಇತ್ತು. ಚಾಕು ತೂರಿಸಿ ಎಬ್ಬಿದರೆ ಅಂಚು ಹೋಗುತ್ತದೆ. ಗಾಳದ ನೈಲಾನ್ ದಾರ, 0.3 ಮಿ.ಮೀ.ದು, ತಟ್ಟೆಯ ಹಿಂದೆ ಹೊಗಿಸಿ ಎರಡು ಕೈಯಲ್ಲಿ ಗರಗಸದಂತೆ ಎಳೆದರೆ ಐದು ನಿಮಿಷದಲ್ಲಿ ಬಿಡಿಸಿಕೊಂಡಿತು. ಕರಾವಳಿಯಲ್ಲಿ ಇದಕ್ಕೆ ಹುಡುಕಾಡಬೇಕಾಗಿಲ್ಲ. ತಟ್ಟೆಯಡಿಯಲ್ಲಿ ಬಿಸಿಲು ಕಾಣದ ಕಡುಗೆಂಪು ಬಣ್ಣ ಉಳಿದಿರುತ್ತದೆ, ಅದನ್ನು ಕೊಳೆ ಎಂದು ಉಜ್ಜಬೇಡಿ. ಪಿಯಾನೋದ ಮೂಲ ಬಣ್ಣ ಅದೇ.

ಬೀಗದ ಕಣ್ಣಿನ ತಗಡನ್ನು ಹಿಡಿದಿದ್ದದ್ದು ತಿರುಪಲ್ಲ, ಗುಂಡುಸೂಜಿಯಷ್ಟು ಸಣ್ಣ ಹಿತ್ತಾಳೆ ಮೊಳೆಗಳು. ಮುಂದಿನಿಂದ ಎಬ್ಬಬಾರದು. ಮೊದಲು ಬೀಗದ ಪೆಟ್ಟಿಗೆ ತೆಗೆದು, ಹಿಂದಿನಿಂದ ಬೀಗದ ಕಣ್ಣಿನ ಮೂಲಕ ಮೆತ್ತನೆಯ ಮರದ ಕಡ್ಡಿ ಹಾಕಿ ತಗಡಿನ ಅಂಚಿಗೆ ತಾಗಿಸಿ ಮೆಲ್ಲಗೆ ತಟ್ಟಿದರೆ ಮೊಳೆ ಸಮೇತ ಏಳುತ್ತದೆ. ಬೀಗದ ನಾಲ್ಕೂ ತಿರುಪು ಬಂದ ಮೇಲೂ ಪೆಟ್ಟಿಗೆ ಅಲುಗದಿದ್ದರೆ ಕೀಲಿ ಹಾಕಿ ಎಳೆಯುವ ಆಸೆಯಾಗುತ್ತದೆ. ಕೀಲಿ ಮುರಿಯುತ್ತದೆ, ಇಲ್ಲವೇ ಅಂಚಿನ ವೆನೀರು ಸೀಳುತ್ತದೆ. ಬೀಗದ ಮೇಲ್ಪಟ್ಟಿಯ ಸುತ್ತ ಬ್ಲೇಡು ಮತ್ತೊಮ್ಮೆ ಓಡಿಸಿ ನೋಡಿ, ಎಲ್ಲೋ ಒಂದು ಮೂಲೆಯಲ್ಲಿ ಅರಗು ಉಳಿದಿರುತ್ತದೆ.

ಗುಂಡಿ ಹಿಡಿಗಳಿಗೆ ಇಕ್ಕಳ ತೋರಿಸಲೂಬಾರದು. ಸೈಕಲ್ ಟ್ಯೂಬಿನ ಒಂದು ಪಟ್ಟಿ ಬಿಗಿಯಾಗಿ ಎರಡು ಸುತ್ತು ಸುತ್ತಿ ಕೈಯಲ್ಲೇ ತಿರುಗಿಸಿದರೆ ಸಾಕು. ಅದಕ್ಕೂ ಮೊದಲು ಹಿಂದುಗಡೆ ಬೋಲ್ಟಿನ ತಲೆ ಇದೆಯೇ ನೋಡಿ. ಇದ್ದರೆ ತಿರುಗಿಸಬೇಕಾದ್ದು ಅದನ್ನು, ಗುಂಡಿಯನ್ನಲ್ಲ.

ಪೆಡಲ್ ಕೆಲಸ ಕೆಳಹಲಗೆಯ ಒಳಗಡೆ, ಪಾಲಿಷಿನ ಭಯವಿಲ್ಲ, ದೊಡ್ಡ ಡ್ರೈವರಿಗೆ ಬಂದವು. ಗಾಲಿಗಳ ವಿಷಯ ಬೇರೆ. ಅಪ್‌ರೈಟ್ ಪಿಯಾನೋ 200 ಕಿಲೋಗೂ ಮೇಲೆ ತೂಗುತ್ತದೆ, ಕಬ್ಬಿಣದ ಚೌಕಟ್ಟು ಹಿಂಬದಿಗಿರುವುದರಿಂದ ಒಮ್ಮೆ ಹಿಂದಕ್ಕೆ ವಾಲಿದರೆ ತಡೆಯಲಾಗದು. ಮಲಗಿಸಲು ಕನಿಷ್ಠ ನಾಲ್ಕು ಜನ, ಹಿಂದೆ ಹಾಸಲು ದಪ್ಪ ಹಾಸಿಗೆ ಬೇಕು. ನೆಲ ಒರೆಸಿದ ನೀರು ಎಷ್ಟೋ ವರ್ಷದಿಂದ ತಾಗಿ ಆ ತಿರುಪುಗಳ ತಲೆಯೇ ಕರಗಿತ್ತು. ಎರಡು ಗಾಲಿ ತೆಗೆದು, ಇನ್ನೆರಡನ್ನು ಇದ್ದಲ್ಲೇ ಶುಚಿ ಮಾಡಿ ಬಿಟ್ಟೆವು.

ಪಾಲಿಯೆಸ್ಟರ್ ಪಿಯಾನೋ ಆಗಿದ್ದರೆ ಇಲ್ಲಿನ ಅರ್ಧ ಭಯ ಇರುವುದಿಲ್ಲ, ಬೇರೆ ಭಯ ಇರುತ್ತದೆ. ಆ ಲೇಪ ದಪ್ಪ, ಗಡಸು, ಸ್ಪಿರಿಟ್‌ಗೆ ಜಗ್ಗದು. ಆದರೆ ಪಿಂಗಾಣಿಯಂತೆ ಚಕ್ಕೆ ಏಳುತ್ತದೆ. ತಿರುಪು ಮೇಲೆ ಬರುವಾಗ ರಂಧ್ರದ ಬಾಯಿಯನ್ನೇ ಎತ್ತುತ್ತದೆ. ಹಾಗಾಗಿ ಹಿಂಜನ್ನು ಬೆರಳಲ್ಲಿ ಕೆಳಕ್ಕೆ ಅದುಮಿಕೊಂಡೇ ತಿರುಪು ಬಿಚ್ಚಬೇಕು, ಸುತ್ತಿಗೆಯಿಂದ ಒಂದು ತಟ್ಟೂ ಕೂಡದು.

ಬಿಚ್ಚಿದ ತಿರುಪುಗಳನ್ನು ಡಬ್ಬಿಗೆ ಸುರಿಯಬೇಡಿ. ರಟ್ಟಿನ ಮೇಲೆ ಹಿಂಜಿನ ಚಿತ್ರ ಬರೆದು, ಪ್ರತಿಯೊಂದನ್ನೂ ಅದರದೇ ಜಾಗಕ್ಕೆ ಚುಚ್ಚಿಟ್ಟೆವು. ನೂರು ವರ್ಷ ಜೊತೆಗಿದ್ದ ತಿರುಪಿಗೂ ತೂತಿಗೂ ಎಳೆ ಹೊಂದಿರುತ್ತದೆ, ಅದಲುಬದಲಾದರೆ ಒಂದು ಸಡಿಲ, ಇನ್ನೊಂದು ಬಿಗಿ. ಬೇರೆಯಾದ ಹಿತ್ತಾಳೆಗೆ ಹುಣಸೆಹುಳಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಗೆಣ್ಣುಗಳೊಳಗೆ ಹುಳಿ ಉಳಿದರೆ ವಾರದಲ್ಲಿ ಮತ್ತೆ ಹಸಿರು, ಆದ್ದರಿಂದ ಬಿಸಿನೀರಲ್ಲಿ ಎರಡು ಸಲ ತೊಳೆದು ಒಣಗಿಸಿ ಆಮೇಲೆ ಎಣ್ಣೆ ಬಿಟ್ಟು, ಹೆಚ್ಚಿನದನ್ನು ಪೂರ್ತಿ ಒರೆಸಬೇಕು. ನಿಕ್ಕಲ್ ಲೇಪದ ಪೆಡಲಿಗೆ ಹುಳಿ ಬೇಡ.

ಮತ್ತೆ ಕೂರಿಸುವಾಗ ಎಳೆಗಳಿಗೆ ಜೇನುಮೇಣ ಸವರಿದೆವು. ಸಾಬೂನು ಸವರುವ ರೂಢಿ ಕೆಲವು ಬಡಗಿಗಳಲ್ಲಿದೆ; ಸಾಬೂನು ತೇವ ಎಳೆಯುತ್ತದೆ, ಮುಂದಿನ ಸಲ ಬಿಚ್ಚುವವರ ಶಾಪ ತಟ್ಟುತ್ತದೆ. ಗೂಟ ಹೊಡೆದ ತೂತುಗಳಿಗೆ ಮೊದಲು ಅದೇ ಅಳತೆಯ ಉಕ್ಕಿನ ತಿರುಪು ಒಮ್ಮೆ ಹಾಕಿ ತೆಗೆದು ದಾರಿ ಮಾಡಿ, ಆಮೇಲೆ ಹಿತ್ತಾಳೆಯದು. ನೇರ ಹಿತ್ತಾಳೆ ತುರುಕಿದರೆ ಹೊಸದರ ತಲೆಯೂ ಮುರಿಯುತ್ತದೆ. ಡ್ರಿಲ್ಲಿನಲ್ಲಿ ಬಿಗಿಯುವಂತಿಲ್ಲ, ಕೈಯಲ್ಲೇ. ಬ್ಲೇಡಿನ ಗೀರು ಇರುವ ಅಂಚಿಗೆ ಒಂದು ಭಾಗ ಅರಗಿನ ಹಾಳೆಗೆ ಎಂಟು ಭಾಗ ಸ್ಪಿರಿಟ್ ಹಾಕಿ ಕರಗಿಸಿದ ತೆಳು ಪಾಲಿಷನ್ನು 1ನೇ ನಂಬರ್ ಬಣ್ಣದ ಕುಂಚದಲ್ಲಿ ಹಚ್ಚಿದೆವು, ದಿನಕ್ಕೆರಡು ಸಲ, ಮೂರು ದಿನ. ಮೋಡ ಮುಸುಕಿದ ದಿನ ಹಚ್ಚಬಾರದು, ಗಾಳಿಯ ತೇವಕ್ಕೆ ಹೊಗೆ ಕೂತಂತೆ ಬೆಳ್ಳಗಾಗುತ್ತದೆ. ಈ ಸಲ ಪಾಲಿಷ್ ಹಿಂಜಿನ ಮೇಲಕ್ಕೆ ಹತ್ತದಂತೆ ನೋಡಿಕೊಂಡೆವು.

ಕೆಳಹಲಗೆಯ ಒಳಬದಿಗೆ ಒಂದು ಚೀಟಿ ಅಂಟಿಸಿದ್ದೇವೆ: ಹಿಂಜಿನ ಎಡತುದಿಯಿಂದ 7, 12, 13 ಮತ್ತು 20ನೇ ತಿರುಪುಗಳು ಹೊಸವು, 12 ಮತ್ತು 13ರ ಅಡಿಯಲ್ಲಿ ಗೂಟ ಇದೆ, ಹಿಂದಿನ ಎರಡು ಗಾಲಿ ತೆಗೆದಿಲ್ಲ.